ಭಾವನಿಗೆ ಬಂದ ಅಮ್ಮ

ನಮ್ಮ ಭಾವನಷ್ಟು ಭಕ್ತಿಯಿಂದ ಡಾಕ್ಟರ ಬಾಗಿಲು ಕಾದವರು ಇಡೀ ಯಶವಂತಪುರದಲ್ಲಿ ಇನ್ನೊಬ್ಬರಿರಲಿಲ್ಲ! ಒಂದು ಸೀನು ಬಂದರೆ ಥರ್ಮಾಮೀಟರು, ಎರಡು ಬಂದರೆ ಉಯಿಲು. ಅವರನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ರೈಲ್ವೆ ಗೇಟು ದಾಟಿಸುವ ಪುಣ್ಯ ಮಾತ್ರ, ಅವರ ಮನೆಯಲ್ಲೇ ಉಂಡು ಮಲಗುತ್ತಿದ್ದ ಈ ಭಾಮೈದನದು. ತೂಕವೋ, ಎಂಬತ್ತು ಕಿಲೋ!

ಎಪ್ಪತ್ತರ ದಶಕದ ಒಂದು ಬೇಸಿಗೆ. ಅಕ್ಕ ನಾದಿನಿಯ ಬಾಣಂತನಕ್ಕೆಂದು ತುಮಕೂರಿಗೆ ಹೋಗಿದ್ದಳು. ಇಲ್ಲಿ ಭಾವನಿಗೆ ಫ್ಲೂ ಬಂತು, ಹೋಯಿತು. ವಾರ ಕಳೆದ ಮೇಲೆ ಎರಡೂ ಕಾಲಿನ ತುಂಬ ಕೆಂಪು ಚುಕ್ಕೆ, ನೇರಳೆ ಚುಕ್ಕೆ.

“ಡಾಕ್ಟ್ರ ಹತ್ರ ಹೋಗ್ಬೇಕು ಕಣೋ!”

ಹೊರಗೆ ಬೆಂಕಿಯಂಥ ಬಿಸಿಲು. ಎದುರಿಗೆ ಆ ಎಂಬತ್ತು ಕಿಲೋ. ಮೈಮೇಲೆ ಏನೇ ಎದ್ದರೂ ದೇವಿಯೇ ಬಂದಳೆಂದು ನಂಬುತ್ತಿದ್ದ ಕಾಲ, ನೋಡಿ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: “ಭಾವ, ಇದು ಅಮ್ಮ. ಔಷಧಿ ಮಾಡಿದ್ರೆ ತಾಯಿ ಮುನಿಸ್ಕೋತಾಳೆ.”

“ನಂಗೆ ಹತ್ತನೇ ವಯಸ್ಸಿಗೇ ಬಂದು ಹೋಗಿದ್ದಾಳಲ್ಲೋ?”

“ನೀವು ಚೆನ್ನಾಗಿ ನೋಡ್ಕೊಂಡಿರ್ತೀರ, ಮತ್ತೆ ಬಂದಿದ್ದಾಳೆ!”

ವಠಾರದ ಅಜ್ಜಿ ಬೇವಿನ ಸೊಪ್ಪು ಹಿಡಿದು ಓಡಿಬಂದರು. “ಗುಳ್ಳೇನೇ ಇಲ್ವಲ್ಲೋ?”

“ಶಾಂತವಾಗಿ ಬಂದಿದ್ದಾಳೆ ಅಜ್ಜಿ!”

ಭಾವನಿಗೆ ಬೇವಿನ ಹಾಸಿಗೆ, ಮೂರು ಹೊತ್ತೂ ಒಗ್ಗರಣೆಯಿಲ್ಲದ ಮೊಸರನ್ನ. ಹೆಂಗಸರು ಗಿರಿಜಾಮೀಸೆಯ ಭಾವನಿಗೆ ಕೈಮುಗಿದು, “ಮಕ್ಕಳನ್ನ ಕಾಪಾಡು ತಾಯಿ” ಎಂದು ಎಳನೀರಿಟ್ಟು ಹೋಗುತ್ತಿದ್ದರು. ಭಾವನಿಗೂ ರುಚಿ ಹತ್ತಿತೆನ್ನಿ! ನಾಲ್ಕನೇ ದಿನ ಒಳಗಿನಿಂದ ಅಪ್ಪಣೆಯಾಯಿತು: “ತಾಯಿಗೆ ಎರಡು ಮಸಾಲೆದೋಸೆ ಬೇಕಂತೆ ಕಣೋ!”

ಅಜ್ಜಿ ಬಾಗಿಲಲ್ಲೇ ಗದರಿದರು: “ತಾಯಿ ಕೇಳ್ತಿಲ್ಲ ಕಣಪ್ಪ, ನಿನ್ ನಾಲಿಗೆ ಕೇಳ್ತಿದೆ!”

ನಾನು ನಕ್ಕೆ. ಭಾವನ ಮಂಡಿ ಊದಿದಾಗಲೂ ನಕ್ಕೆ. ಹತ್ತನೇ ದಿನ ಬೆಳಿಗ್ಗೆ ಬಚ್ಚಲಿನಿಂದ ಸಣ್ಣ ದನಿಯಲ್ಲಿ ಕರೆದರು. ಮೂತ್ರ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತ್ತು. ಅವತ್ತು ತುಳಿದ ಹಾಗೆ ನಾನು ಸೈಕಲ್ಲನ್ನು ಎಂದೂ ತುಳಿದಿಲ್ಲ.

ಡಾಕ್ಟರು ಚುಕ್ಕೆಗಳ ಮೇಲೆ ಗಾಜಿನ ಲೋಟ ಒತ್ತಿ ನೋಡಿದರು. ಬಣ್ಣ ಮಾಸಲಿಲ್ಲ. “ಅಮ್ಮನೂ ಅಲ್ಲ, ಅಪ್ಪನೂ ಅಲ್ಲ. ಕೆಲವರಿಗೆ ಫ್ಲೂ ಹೋದ್ಮೇಲೆ ಸಣ್ಣ ರಕ್ತನಾಳಗಳು ಊದ್ಕೊಂಡು ಚರ್ಮದಡಿ ರಕ್ತ ಸೋರುತ್ತೆ. ಈಗ ಕಿಡ್ನಿಗೂ ಏಟು ಬಿದ್ದಿದೆ. ಹತ್ತು ದಿನ ಏನ್ರೀ ಮಾಡ್ತಿದ್ರಿ?”

ಭಾವನೇ ಹೇಳಿದರು: “ನಂದೇ ತಪ್ಪು ಡಾಕ್ಟ್ರೇ. ಪಾಪ, ಇವನು ದಿನಾ ಕರೀತಿದ್ದ. ಅಮ್ಮ ಬಂದಿದ್ದಾಳೆ, ಬರಲ್ಲ ಅಂದೋನು ನಾನೇ.”

ಆಮೇಲೆ ಆರು ವರ್ಷ ಉಪ್ಪಿಲ್ಲದ ಊಟ ಉಂಡು ಭಾವ ಹೋದರು. ಅಕ್ಕ ಇವತ್ತಿಗೂ ಬಂದವರ ಮುಂದೆ, “ನಮ್ಮೆಜಮಾನ್ರ ಹಟ. ನನ್ ತಮ್ಮ ಅಷ್ಟು ಕರೆದ್ರೂ ಹೋಗ್ಲಿಲ್ಲ” ಎನ್ನುತ್ತಾಳೆ, ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತಾಳೆ.

ಅಕ್ಕಾ, ನಾನು ಒಂದು ದಿನವೂ ಕರೆದಿರಲಿಲ್ಲ.