ಅಣ್ಣನ ದವಡೆಗೆ ಹಾಕಿದ ಪಟ್ಟಿ

ದವಡೆ ಎಂಬುದೊಂದು ನಮಗಿದೆ ಎಂದು ಗೊತ್ತಾಗುವುದು ಅದು ಮುರಿದಾಗಲೇ. ನನ್ನದಿನ್ನೂ ಗಟ್ಟಿಯಾಗಿದೆ, ಉಪಯೋಗ ಮಾತ್ರ ಕಡಿಮೆ. ವಿಜಾಪುರದ ಸಿದ್ಧೇಶ್ವರ ಗುಡಿಯ ಹತ್ತಿರ ಅರಿವೆ ಅಂಗಡಿಯೊಂದರಲ್ಲಿ ಬಟ್ಟೆ ಅಳೆಯುತ್ತೇನೆ. ಗಿರಾಕಿ ಏನೆಂದರೂ "ಹೌದ್ರಿ" ಎನ್ನಲು ಎಷ್ಟು ದವಡೆ ಬೇಕು? ನಮ್ಮ ಮನೆಯ ಪಾಲಿನ ಮಾತನ್ನೆಲ್ಲ ಅಣ್ಣ ಗುರಪ್ಪನೇ ಆಡಿ ಮುಗಿಸುತ್ತಿದ್ದ. ಅವನು ಬಬಲೇಶ್ವರದ ಸಂತೆಯಲ್ಲಿ ದನದ ದಲಾಲಿ. ಅಲ್ಲಿ ಲೋಕದ ಸುದ್ದಿಯನ್ನೆಲ್ಲ ಕೂಗಿ ಹೇಳುತ್ತಾರೆ, ಎತ್ತಿನ ದರವನ್ನು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ. ಕೈಮೇಲೆ ಟವೆಲ್ ಹೊದಿಸಿ, ಅದರಡಿ ಒಬ್ಬರ ಬೆರಳನ್ನೊಬ್ಬರು ಹಿಡಿದು ತಿಳಿಸುತ್ತಾರೆ. ಒಪ್ಪದವನು ಕೈ ಎಳೆದುಕೊಳ್ಳುತ್ತಾನೆ, ಒಪ್ಪಿದವನು ಹಿಡಿದೇ ಇರುತ್ತಾನೆ. ಅಣ್ಣ ನನಗೂ ಕಲಿಸಲು ಬಂದಿದ್ದ. "ನನಗ ಮೀಟರ್ ಕೋಲು ಸಾಕೋ ಅಣ್ಣಾ" ಎಂದು ತಪ್ಪಿಸಿಕೊಂಡಿದ್ದೆ.

ಒಂದು ಸಂತೆಯಲ್ಲಿ ಟಿಕೋಟಾದವರ ಹೋರಿಯ ಹಲ್ಲು ನೋಡಲು ಅವನು ಬಗ್ಗಿದಾಗ ಅದು ತಲೆ ಎತ್ತಿ ಹೊಡೆಯಿತು. ಹೋರಿಯ ಹಲ್ಲು ನೆಟ್ಟಗಿದ್ದವು. ಅಣ್ಣನವು ಅರ್ಧ ಸಾಲು ಮೇಲೆ, ಅರ್ಧ ಸಾಲು ಕೆಳಗೆ. ಸೊಲ್ಲಾಪುರದ ದವಾಖಾನೆಗೆ ಒಯ್ದೆವು. ಡಾಕ್ಟರರು ಎರಡು ದಾರಿ ಹೇಳಿದರು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದು, ಎಲುಬು ಕೂಡುವವರೆಗೆ ಬಾಯಿ ಮುಚ್ಚಿಡುವುದು ಒಂದು. ಕೊಯ್ದು, ಮುರಿದ ಎಲುಬಿಗೆ ಉಕ್ಕಿನ ಪಟ್ಟಿಯಿಟ್ಟು ಸ್ಕ್ರೂ ಹಾಕುವುದು ಇನ್ನೊಂದು, ಹೊಸದು.

"ಪಟ್ಟಿ ಹಾಕಿದ್ರ ಲಗೂನ ಬಾಯಿ ತೆಗೀಬಹುದು. ಆದ್ರ ಎಲುಬು ಕೂಡೂತನಕ ಗಂಜಿ ಬಿಟ್ಟು ಗಟ್ಟಿ ಏನೂ ಕಡಿಯಂಗಿಲ್ಲ ನೋಡ್ರಿ."

ಮಾತಾಡಲಾಗದ ಅಣ್ಣ ಹೆಗಲ ಟವೆಲನ್ನು ಡಾಕ್ಟರರ ಕೈಮೇಲೆ ಹೊದಿಸಿ, ಅಡಿಯಲ್ಲಿ ಪಟ್ಟಿಯ ದರವೆಂದು ಅವರ ಬೆರಳು ಹಿಡಿದ. ರೋಗಿ ಹೆದರಿದ್ದಾನೆಂದು ತಿಳಿದ ಅವರು ಕೈ ಬಿಡಲಿಲ್ಲ. ಅಣ್ಣ ಗೆದ್ದವನಂತೆ ನನ್ನ ಕಡೆ ನೋಡಿದ. ಅವನ ಪಾಲಿಗೆ ವ್ಯಾಪಾರ ಕುದುರಿತ್ತು.

ಪಟ್ಟಿ ಹಾಕಿಸಿಕೊಂಡು ಊರಿಗೆ ಬಂದ ಮೇಲೆ ಅದರದೇ ಸುದ್ದಿ. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಏರಿಸಿದರೆ ಅದು ಮೊದಲಿಗಿಂತ ಗಟ್ಟಿ. ದವಡೆಯೂ ಹಾಗೇ ಎಂದು ಅಣ್ಣ ನಂಬಿದ, ನಾನೂ ಅರ್ಧ ನಂಬಿದೆ. ಅವನ ಹೆಂಡತಿ, ನಮ್ಮ ವೈನಿ, ಗಂಜಿ ತಂದರೆ, "ಕಬ್ಬಿಣದ ದವಡಿಗಿ ಗಂಜಿ ಯಾಕಲೇ?" ಎನ್ನುತ್ತಿದ್ದ.

"ಕಬ್ಬಿಣ ದವಡಿಗಿ ಹಾಕ್ಯಾರ, ಬುದ್ಧಿಗಿ ಹಾಕಿಲ್ಲ. ಸುಮ್ಮ ಕುಡೀರಿ."

ಗಾಯ ಮಾಯುವ ಮೊದಲೇ ಅಣ್ಣ ಸಂತೆಗೆ ಹೋದ. ಚನಮಲ್ಲನೆಂಬ ಇನ್ನೊಬ್ಬ ದಲಾಲಿ ಎಲ್ಲರೆದುರು ಕಬ್ಬಿನ ತುಂಡೊಂದನ್ನು ಮುಂದೆ ಹಿಡಿದ. "ಖರೇನ ಪಟ್ಟಿ ಹಾಕ್ಯಾರೋ, ಬರೇ ಹೊಲಿಗಿ ಹಾಕ್ಯಾರೋ? ಹಲ್ಲಿಲೆ ಸುಲದು ತೋರ್ಸಲೇ ಗುರಪ್ಪಾ." ಅಣ್ಣ ಬಂಡಿಗೆ ಹೂಡಿ ತೋರಿಸದೆ ಎಂದೂ ಎತ್ತು ಮಾರಿಸಿದವನಲ್ಲ. ಸುಲಿದ. ಜನ ಸೀಟಿ ಹೊಡೆದರು. ಒಳಗೆ ಸ್ಕ್ರೂ ಸಡಿಲಾದದ್ದನ್ನು ಅವನು ಯಾರಿಗೂ ಹೇಳಲಿಲ್ಲ. ಊರಿಗೆಲ್ಲ ಸಾಲುವಷ್ಟು ಮಾತಿದ್ದವನು ಅದೊಂದನ್ನೇ ನುಂಗಿಕೊಂಡ. ಗದ್ದ ಬಾತು ಕೀವು ಸೋರಿದಾಗ ನಮಗೆ ತಿಳಿಯಿತು. ಸೊಲ್ಲಾಪುರದಲ್ಲಿ ಪಟ್ಟಿ ತೆಗೆದರು. ಅಷ್ಟರಲ್ಲಿ ನಂಜು ರಕ್ತಕ್ಕೆ ಸೇರಿತ್ತು.

ಕೊನೆಯ ದಿನ ಅಣ್ಣ ಕಣ್ಣಿನಿಂದಲೇ ಟವೆಲ್ ತೋರಿಸಿದ. ಅದು ನಮ್ಮ ಅಂಗಡಿಯದು, ನಾನೇ ಅಳೆದು ಹರಿದುಕೊಟ್ಟದ್ದು. ಇಬ್ಬರ ಕೈಮೇಲೂ ಹೊದಿಸಿದೆ. ಅವನು ನನ್ನ ಬೆರಳು ಹಿಡಿದ, ಬಿಟ್ಟ, ಮತ್ತೆ ಬೇರೆ ಬೆರಳು ಹಿಡಿದ.

"ಏನ್ ಹೇಳಾಕತ್ತಾರ?" ಎಂದರು ವೈನಿ.

"ಗೊತ್ತಾಗವಲ್ದು ವೈನಿ."

"ಮತ್ತ ನೀವೇನಂದ್ರಿ?"

"ಹೌದು ಅಂದೇನಿ."

ಬಬಲೇಶ್ವರದ ದಲಾಲಿಗಳು ಈಗಲೂ ಟವೆಲ್ ಕೊಳ್ಳಲು ನಮ್ಮ ಅಂಗಡಿಗೇ ಬರುತ್ತಾರೆ. ಆ ಬೆರಳುಗಳ ಅರ್ಥವೇನೆಂದು ಅವರನ್ನು ಕೇಳಬಹುದು. ಕೇಳಿಲ್ಲ. ಎತ್ತಿನ ದರವೆಂದು ಅವರು ನಕ್ಕುಬಿಟ್ಟರೆ? ನನ್ನ ಜನ್ಮದಲ್ಲಿ ನಾನು ಮಾಡಿದ ದಲಾಲಿ ಅದೊಂದೇ. ಏನು ಕೇಳಿದನೆಂದು ತಿಳಿಯದೆಯೇ ಒಪ್ಪಿಕೊಂಡೆ. ಗಿರಾಕಿಗೆ ಹೇಳುವ ಹಾಗೆ ಹೌದು ಎಂದು ಕೈ ಹಿಡಿದೇ ಕುಳಿತಿದ್ದೆ, ಅವನ ಕೈ ತಣ್ಣಗಾಗಿದೆ ಎಂದು ವೈನಿ ಟವೆಲ್ ತೆಗೆಯುವವರೆಗೆ.