ಪೂಜೆಗೆ ಕೂತ ಸ್ಕ್ರೂಡ್ರೈವರು

"ಇನ್ಮೇಲೆ ಯಾವ ಬಡಗಿಯೂ ಈ ಮನೆ ಹೊಸ್ತಿಲು ತುಳೀಕೂಡದು! ಮರದ ಕೆಲಸ ಎಲ್ಲಾ ನಂದೇ!"

ಚಾಮರಾಜಪೇಟೆಯ ಮನೆಯ ನಡುಮನೆಯಲ್ಲಿ ನಿಂತು ದೊಡ್ಡಬೈರಪ್ಪನವರು ಈ ಭೀಷಣ ಪ್ರತಿಜ್ಞೆ ಮಾಡಿದಾಗ ಹೌದೆಂದು ಲೊಚಗುಟ್ಟಲು ಗೋಡೆಯ ಹಲ್ಲಿಗೂ ಧೈರ್ಯ ಬರಲಿಲ್ಲ.

ಇಷ್ಟಕ್ಕೆಲ್ಲ ಮೂಲ ಬಚ್ಚಲುಮನೆಯ ಬಾಗಿಲು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ ನೆಲಕ್ಕೆ ಕಚ್ಚಿಕೊಂಡಿತ್ತು. ಕೀಸಿಕೊಡಯ್ಯ ಎಂದರೆ ಬಡಗಿ ಮುನಿಸ್ವಾಮಿ, "ಆಯುಧಪೂಜೆ ಕಳೀಲಿ ಸ್ವಾಮಿ, ಬರ್ತೀನಿ" ಅಂದುಬಿಟ್ಟಿದ್ದ. ಇತ್ತ ಮಗಳು ಯಶಶ್ರೀಯನ್ನು ನೋಡಲು ಗಂಡಿನ ಕಡೆಯವರು ವಿಜಯದಶಮಿಯ ಸಂಜೆಯೇ ಬರುವವರಿದ್ದರು.

"ರೀ, ನಿಮ್ಮ ಕೋಪದ ಸುದ್ದಿ ಆಗ್ಲೇ ಅವರ ಕಿವಿಗೆ ಬಿದ್ದಿದೆಯಂತೆ," ಎಂದರು ಹೆಂಡತಿ ಸುಬ್ಬಮ್ಮ. "ಹುಡುಗನ ಅಜ್ಜಿ ಬರ್ತಿರೋದು ಹುಡುಗೀನ ನೋಡೋಕಲ್ಲ, ನಿಮ್ಮನ್ನ ನೋಡೋಕೆ! ಈ ಸಂಬಂಧ ತಪ್ಪಿತೋ, ನಾನು ಸುಮ್ನಿರಲ್ಲ."

"ನನಗೆಲ್ಲೇ ಕೋಪ?" ಎಂದು ಅವರು ಅರಚಿದ ರಭಸಕ್ಕೆ ಒಲೆಯ ಮೇಲಿನ ಹಾಲು ಉಕ್ಕಿತು.

ಕಾಟನ್‌ಪೇಟೆಯಲ್ಲಿದ್ದ ತಮ್ಮ ಗೋಣಿಚೀಲದ ಅಂಗಡಿಯನ್ನು ಅರ್ಧ ದಿನಕ್ಕೇ ಮುಚ್ಚಿ, ಪಕ್ಕದ ಬೀದಿಯ ಕಬ್ಬಿಣದ ಸಾಮಾನಿನ ಅಂಗಡಿಗೆ ದಂಡೆತ್ತಿ ಹೋದರು.

"ಬಾಗಿಲು ಕೀಸೋಕಾ? ಹೊಸಬರು ಅಂತ ಕಾಣುತ್ತೆ," ಎಂದ ಅಂಗಡಿಯವನು. "ಒಂದು ಚಿಕ್ಕ ಕೀಸುಳಿ, ಒಂದು ಸ್ಕ್ರೂಡ್ರೈವರ್ ಸಾಕು ಸಾರ್. ಕೈ ಪಳಗಿದ್ಮೇಲೆ ಮಿಕ್ಕಿದ್ದು ತಗೊಳ್ಳಿ."

ಚಿಕ್ಕದು! ಸಾಕು! ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟರು ಇಂಥದ್ದೇ ಮಾತಾಡಿದ್ದಕ್ಕೆ ಶಾಲೆಯನ್ನೇ ಬಿಟ್ಟುಬಂದ ಆಸಾಮಿ ಅವರು.

"ಯಾಕಯ್ಯಾ, ನಂದೇನು ಚಿಕ್ಕ ಕೀಸುಳಿ ಮುಖಾನಾ? ಇರೋದ್ರಲ್ಲೇ ದೊಡ್ಡದು ತೆಗಿ!"

ಅಂಗಡಿಯವನು ಬುದ್ಧಿ ಹೇಳಿದಷ್ಟೂ ಸಾಮಾನು ಬೆಳೆಯಿತು. ಮೊಳದುದ್ದದ ಕೀಸುಳಿ, ಆಲದ ಮರವನ್ನೇ ಉರುಳಿಸಬಲ್ಲ ಗರಗಸ, ಬೈರಿಗೆ, ಸುತ್ತಿಗೆ, ಉಳಿಗಳ ತುಂಬು ಸಂಸಾರ. ಕೊನೆಗೆ ಅವನು "ಹುಷಾರು ಸಾರ್, ಉಳಿ ಚೂಪಿದೆ" ಎಂದ ತಪ್ಪಿಗೆ ಇನ್ನೂ ಒಂದು ಉಳಿ!

ಸಂಜೆ ಮನೆಗೆ ಬಂದವರೇ ಹೊಸ ಸ್ಕ್ರೂಡ್ರೈವರು ಹಿಡಿದು ಬಾಗಿಲನ್ನು ಬಿಚ್ಚಿ ಗೋಡೆಗೆ ಒರಗಿಸಿದರು. ಕೀಸುಳಿಗೆ ಕೈ ಹಾಕುವಷ್ಟರಲ್ಲಿ ಕರೆಂಟು ಹೋಯಿತು. ಮಾರನೆಯ ದಿನ ಆಯುಧಪೂಜೆ. ಇರಲಿ, ಅದರ ಮಾರನೆಯ ಬೆಳಿಗ್ಗೆ ಕೀಸಿದರಾಯಿತು!

ಪೂಜೆಯೋ, ಅರಮನೆಯದ್ದೇ! ಬೀದಿಗೆ ಕಾಣುವಂತೆ ಮೇಜಿನ ಮೇಲೆ ಸಾಮಾನುಗಳನ್ನೆಲ್ಲ ಜೋಡಿಸಿ, ಕುಂಕುಮವಿಟ್ಟು, ಚೆಂಡುಹೂವು ಮುಡಿಸಿ, ಬೂದುಗುಂಬಳ ಒಡೆದರು. ಅಷ್ಟರಲ್ಲಿ ಎದುರುಮನೆಯ ದೊರೆಸ್ವಾಮಿ ಇಣುಕಿದರು.

"ಬೈರಪ್ಪನೋರೇ, ತೋರಣಕ್ಕೆ ಒಂದು ಮೊಳೆ ಹೊಡೀಬೇಕಿತ್ತು. ನಮ್ಮ ಸಾಮಾನೆಲ್ಲ ಪೂಜೆಗೆ ಇಟ್ಬಿಟ್ಟಿದೀವಿ. ಸುತ್ತಿಗೆ..."

"ಪೂಜೆಗೆ ಕೂತ ಆಯುಧ ಕೇಳ್ತೀರಲ್ರೀ! ನಾಳೆ ಬೆಳಿಗ್ಗೆ ಮಂಗಳಾರತಿ ಎತ್ತಿ ಕದಲಿಸೋತನಕ ಬ್ರಹ್ಮ ಬಂದ್ರೂ ಮುಟ್ಟೋ ಹಾಗಿಲ್ಲ!"

ಈ ಧರ್ಮೋಪದೇಶ ಮೂರು ಬೀದಿಗೆ ಕೇಳಿಸಿತು.

ಮಧ್ಯಾಹ್ನ ಗಂಡಿನ ಕಡೆಯವರ ಫೋನು ಬಂತು. "ಕುಮಾರ ಪಾರ್ಕಿನ ನೆಂಟರ ಮನೇಲಿದೀವಿ. ನಾಳೆ ಯಾಕೆ, ಇವತ್ತೇ ಬಂದ್ಬಿಡ್ತೀವಿ. ಅಜ್ಜಿಗೆ ಅವಸರ."

ದೊಡ್ಡಬೈರಪ್ಪನವರು ಮೇಜಿನತ್ತ ಹಾರಿದರು. ಸುಬ್ಬಮ್ಮ ಅಡ್ಡ ನಿಂತರು.

"ಬೆಳಿಗ್ಗೆ ಏನಂದ್ರಿ?"

"ಲೇ, ಬಾಗಿಲು ಸಿಕ್ಕಿಸೋಕೆ ಒಂದೇ ಒಂದು ಸ್ಕ್ರೂಡ್ರೈವರ್ ಕಣೇ! ಚಾಮುಂಡಿಗೆ ಗೊತ್ತಾಗಲ್ಲ!"

"ಚಾಮುಂಡಿಗೆ ಗೊತ್ತಾಗ್ದೇ ಇರ್ಬೋದು. ದೊರೆಸ್ವಾಮಿಗೆ ಗೊತ್ತಾಗುತ್ತೆ."

ನಿಜ. ಆ ಪುಣ್ಯಾತ್ಮ ಎದುರಿನ ಜಗುಲಿಯಲ್ಲಿ ಕಡಲೆಪುರಿ ಮೆಲ್ಲುತ್ತ ಮೇಜನ್ನೇ ಕಾಯುತ್ತಿದ್ದರು! ಬೇರೆಯವರನ್ನು ಕೇಳೋಣವೆಂದರೆ, ಅಂದು ಇಡೀ ಬೆಂಗಳೂರಿನ ಸ್ಕ್ರೂಡ್ರೈವರುಗಳು ಕುಂಕುಮವಿಟ್ಟುಕೊಂಡು ರಜೆಯ ಮೇಲಿದ್ದವು.

ಹುಡುಗನ ಅಜ್ಜಿ ಮುನಿಲಕ್ಷ್ಮಮ್ಮ ಕಾರಿನಿಂದ ಇಳಿದವರೇ, "ಬಚ್ಚಲುಮನೆ ಎಲ್ಲಮ್ಮಾ? ನಂಗೆ ಸಕ್ಕರೆ ಕಾಯ್ಲೆ," ಎಂದರು. ಅವರು ಒಳಗೆ ಹೋದದ್ದೇ ತಡ, ದೊಡ್ಡಬೈರಪ್ಪನವರು ಬಾಗಿಲನ್ನೆತ್ತಿ ಚೌಕಟ್ಟಿಗೆ ಆನಿಸಿ, ಎರಡೂ ಕೈಯಲ್ಲಿ ಹಿಡಿದು ನಿಂತರು. ಎಡಗಡೆಯ ಕೀಲೂ ಅವರೇ, ಬಲಗಡೆಯ ಚಿಲಕವೂ ಅವರೇ!

"ಬಾಗಿಲು ಯಾಕೆ ಅಲ್ಲಾಡ್ತಿದೆ?" ಒಳಗಿನಿಂದ ಅಜ್ಜಿ.

"ಗಾಳಿ ಅಮ್ಮಾ."

"ಗಾಳಿ ಮಾತಾಡುತ್ತಾ?"

"ನಾನಮ್ಮಾ... ಹುಡುಗಿ ತಂದೆ. ಕೀಲು ಬಿಚ್ಚಿದೆ, ಹಿಡ್ಕೊಂಡಿದೀನಿ."

"ಓ ನೀನಾ! ಭಾರೀ ಮುಂಗೋಪಿಯಂತಲ್ಲಪ್ಪಾ?"

ದೊಡ್ಡಬೈರಪ್ಪನವರ ಕಿವಿ ಕೆಂಪಾಯಿತು. ಆದರೆ ಕೈ ಎತ್ತದೆ ಕೂಗಿ ಅವರಿಗೆ ಅಭ್ಯಾಸವಿರಲಿಲ್ಲ. ಕೈ ಎತ್ತಿದರೆ ಬಾಗಿಲು ಅಜ್ಜಿಯ ಮೇಲೆ!

"ಯಾರೋ ಆಗದವರು ಹೇಳಿರ್ಬೇಕು ತಾಯಿ," ಎಂದರು, ಪಾನಕದಂಥ ದನಿಯಲ್ಲಿ.

"ಹೆಂಡತಿ ಮಾತೇ ಕೇಳಲ್ವಂತೆ?"

"ಕೇಳ್ತೀನಿ ತಾಯಿ." ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕಿತು.

"ಇನ್ಮೇಲೂ ಕೇಳ್ತೀಯಾ?"

"ಕೇಳ್ತೀನಿ!"

ಹೊರಗೆ ಬಂದ ಮುನಿಲಕ್ಷ್ಮಮ್ಮ ಕಾಫಿಗೂ ಕಾಯದೆ ತೀರ್ಪು ಕೊಟ್ಟರು. "ಎಷ್ಟು ಕೆಣಕಿದ್ರೂ ಬಾಗಿಲು ಬಿಡ್ಲಿಲ್ಲ, ದನಿ ಏರಿಸ್ಲಿಲ್ಲ. ಇಂಥ ಸಾಧುವಿನ ಮಗಳನ್ನ ಬಿಟ್ರೆ ಉಂಟಾ? ತಾಂಬೂಲ ತನ್ನಿ!"

ನೆಂಟರು ಹೊರಟ ಮೇಲೆ ದೊಡ್ಡಬೈರಪ್ಪನವರು ಮರಗಟ್ಟಿದ ತೋಳುಗಳನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕುಸಿದರು. ಸುಬ್ಬಮ್ಮ ಕುಂಕುಮದ ಬಟ್ಟಲು ತಂದು, ಗಂಡನ ಎರಡೂ ಅಂಗೈಗೆ ಒಂದೊಂದು ಬೊಟ್ಟಿಟ್ಟು, ಕಿವಿಗೊಂದು ಚೆಂಡುಹೂವು ಸಿಕ್ಕಿಸಿದರು.

"ಏನೇ ಇದು?"

"ಅಷ್ಟೊಂದು ಸಾಮಾನು ತಂದ್ರಲ್ಲ, ಇವತ್ತು ಕೆಲಸಕ್ಕೆ ಬಂದಿದ್ದು ಇದೊಂದೇ. ಅಲ್ಲಾಡ್ಬೇಡಿ! ಮಾತೂ ಬೇಡ! ನಾಳೆ ಬೆಳಿಗ್ಗೆ ನಾನು ಕದಲಿಸೋತನಕ ಹಿಂಗೇ ಕೂತಿರಿ. ನಾಳಿದ್ದು ಮುನಿಸ್ವಾಮಿ ಬರ್ತಾನೆ."

ದೊಡ್ಡಬೈರಪ್ಪನವರು ಬಾಯಿ ತೆರೆದರು. ಅಜ್ಜಿಗೆ ಕೊಟ್ಟ ಮಾತು ನೆನಪಾಗಿ ಮುಚ್ಚಿದರು.

ಗೋಡೆಯ ಮೇಲೆ ಹಲ್ಲಿ, ಆವತ್ತು ಬಾಕಿ ಉಳಿಸಿಕೊಂಡದ್ದನ್ನೂ ಸೇರಿಸಿ, ಧೈರ್ಯವಾಗಿ ಲೊಚಗುಟ್ಟಿತು.