ಇಪ್ಪತ್ತೊಂದು ಕತ್ತಿಕಾಳಗದ ಸಿನಿಮಾ

ಸಿನಿಮಾ ಕೆಟ್ಟದಾಗಿದ್ದರೆ ಜನ ಅದನ್ನು ತೆಗೆದವನನ್ನು ಹುಡುಕಿಕೊಂಡು ಮದ್ರಾಸಿಗೆ ಹೋಗುವುದಿಲ್ಲ, ಬೀದಿಯಲ್ಲಿ ಕೂಗಿ ಕರೆದವನನ್ನು ಹಿಡಿಯುತ್ತಾರೆ. ದಾವಣಗೆರೆಯ ಒಂದು ಟಾಕೀಸಿನಲ್ಲಿ ಹಾಗೆ ಕೂಗಿ ಕರೆಯುವ ಕೆಲಸ ನನ್ನದಾಗಿತ್ತು. ಜಟಕಾದ ಎರಡೂ ಬದಿಗೆ ಪೋಸ್ಟರ್ ಕಟ್ಟಿಕೊಂಡು, ಮುಂದೆ ತಮಟೆಯವನನ್ನು ಕೂರಿಸಿಕೊಂಡು, ತಗಡಿನ ಕೊಳವೆ ಬಾಯಿಗಿಟ್ಟುಕೊಂಡು ಊರೆಲ್ಲ ಸುತ್ತುತ್ತಿದ್ದೆ. ಹಿಂದಿನಿಂದ ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್ ತೂರುತ್ತಿದ್ದೆ. ಹಾಗಾಗಿ ಜನರ ಕೈಗೆ ಸಿಕ್ಕಿಬೀಳುವ ಪ್ರಸಂಗ ವರ್ಷಕ್ಕೆ ನಾಲ್ಕಾರು ಇದ್ದೇ ಇರುತ್ತಿತ್ತು. ಆದರೆ ಒಂದೇ ಒಂದು ಸಿನಿಮಾದಿಂದ ನಾನು ಪಟ್ಟ ಫಜೀತಿ ಉಳಿದೆಲ್ಲವನ್ನೂ ಮೀರಿಸಿತು. ಅದೊಂದು ಐತಿಹಾಸಿಕ ಕತ್ತಿವರಸೆಯ ಚಿತ್ರ. ಹೆಸರು ಬೇಡ ಬಿಡಿ, ತೆಗೆದವರೇ ಮರೆಯಲು ಕಷ್ಟಪಟ್ಟಿರುತ್ತಾರೆ.

ಉಳಿದ ಹದಿನೆಂಟು

ಸಿನಿಮಾಕ್ಕಿಂತ ಒಂದು ವಾರ ಮೊದಲು ಪೋಸ್ಟರ್ ಬಂತು. ನಮ್ಮ ಮಾಲೀಕರು ಹತ್ತಿ ವ್ಯಾಪಾರದಿಂದ ಟಾಕೀಸಿಗೆ ಬಂದ ಸಾಹುಕಾರರು. ಸಿನಿಮಾವನ್ನು ಅವರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ.

"ಏನಂತ ಕೂಗ್ಲಿ ಸಾಹುಕಾರ್ರೆ?" ಅಂದೆ.

"ಪೋಸ್ಟರ್‌ನಾಗೆ ಏನೈತೋ ಅದನ್ನ ಕೂಗಪ್ಪ."

ಪೋಸ್ಟರಿನಲ್ಲಿದ್ದ ಕತ್ತಿಗಳನ್ನು ಎಣಿಸಿದೆ. ಇಪ್ಪತ್ತೊಂದಿದ್ದವು. ಮರುದಿನದಿಂದ "ಮೈ ಜುಮ್ಮೆನಿಸುವ ಇಪ್ಪತ್ತೊಂದು ಕತ್ತಿಕಾಳಗಗಳು, ತಪ್ಪದೆ ನೋಡಿರಿ" ಅಂತ ಶುರು ಮಾಡಿದೆ.

ಮೊದಲ ದಿನ ಟಾಕೀಸು ತುಂಬಿತು. ಮಿಲ್ಲಿನ ಪಾಳಿ ಬಿಟ್ಟವರು ತಲೆಯ ಮೇಲಿನ ಹತ್ತಿಯ ಎಳೆಯನ್ನೂ ಕೊಡವದೆ ಬಂದು ಕೂತರು. ಮೂರು ಗಂಟೆಯ ಸಿನಿಮಾದಲ್ಲಿ ಎರಡೂವರೆ ಗಂಟೆ ರಾಜ ಸಿಂಹಾಸನದ ಮೇಲೆ ಕೂತು ಮಾತಾಡಿದ. ಕತ್ತಿಕಾಳಗ ಆದದ್ದು ಮೂರೇ. ಅದರಲ್ಲೂ ಒಂದರಲ್ಲಿ ಕಿರೀಟ ಕಣ್ಣಿನ ಮೇಲೆ ಜಾರಿ, ರಾಜ ಶತ್ರುವನ್ನು ಬಿಟ್ಟು ಬಾಗಿಲಿನ ಪರದೆಯನ್ನು ತಿವಿದ.

ಮರುದಿನ ಮಂಡಕ್ಕಿ ಅಂಗಡಿಯಲ್ಲಿ ಮೆಣಸಿನಕಾಯಿ ಬಜ್ಜಿ ಕಚ್ಚುತ್ತ ಕೂತಿದ್ದಾಗ ಮಿಲ್ಲಿನ ಐದಾರು ಮಂದಿ ಬಂದು ಸುತ್ತ ನಿಂತರು.

"ನಾವು ಎಣಿಸೀವಿ. ಮೂರೇ ಇದ್ವು. ಉಳಿದ ಹದಿನೆಂಟು ಎಲ್ಲಿ?"

"ನಾನೇನು ಮಾಡ್ಲಿ ಅಣ್ಣಾರೆ, ರೀಲಿನ ಡಬ್ಬಿಯಾಗೆ ಬಂದಷ್ಟು ತೋರಿಸೀವಿ."

ಅವರಲ್ಲಿ ಗರಡಿಗೆ ಹೋಗುತ್ತಿದ್ದ ಒಬ್ಬ, ನನ್ನ ಪಕ್ಕದಲ್ಲಿ ಕೂತು, ನನ್ನ ಕಾಗದದಿಂದಲೇ ಒಂದು ಬಜ್ಜಿ ಎತ್ತಿಕೊಂಡು ಬಹಳ ಶಾಂತವಾಗಿ ಹೇಳಿದ: "ಚಿಂತಿ ಮಾಡಬ್ಯಾಡ. ನಿಧಾನಕ್ಕೆ ತಿಂದು ಮುಗಿಸು. ಉಳಿದ ಹದಿನೆಂಟು ನಾವು ತೋರಿಸ್ತೀವಿ."

ಮಂತ್ರಿಯ ಕೆಲಸ

ನಿಟ್ಟುವಳ್ಳಿ ಆಗ ಇನ್ನೂ ಹಳ್ಳಿ. ಅಲ್ಲಿ ಕುಡುಗೋಲು, ಕೊಡಲಿ ಬಡಿಯುವ ಕಮ್ಮಾರರೊಬ್ಬರಿದ್ದರು. ಜನ್ಮದಲ್ಲಿ ಸಿನಿಮಾ ನೋಡಿದವರಲ್ಲ. ಕತ್ತಿ ಅಂತ ನಾನು ಕೂಗಿದ್ದನ್ನು ಕೇಳಿ, ಕುಲುಮೆ ಆರಿಸಿ, ಮುಖ ತೊಳೆದುಕೊಂಡು, ಒಗೆದ ಧೋತರ ಉಟ್ಟು ಎರಡನೇ ದಿನ ಬಂದರು.

ಅಂದು ಅವರ ಪಕ್ಕದಲ್ಲೇ ನಾನು ಕೂತಿದ್ದೆ. ಅರಮನೆಯ ಕಾಳಗದಲ್ಲಿ ರಾಜ ಕತ್ತಿ ಬೀಸಿದ. ಅದು ಕಲ್ಲಿನ ಕಂಬಕ್ಕೆ ತಗುಲಿ ಬಾಳೆ ಎಲೆಯ ಹಾಗೆ ಬಗ್ಗಿತು. ಕಮ್ಮಾರರು "ತಗಡು" ಅಂತ ಮೆಲ್ಲಗೆ ಅಂದರು. ಅಷ್ಟರಲ್ಲಿ ಕಂಬವೂ ಅಲುಗಾಡತೊಡಗಿತು. ಪಕ್ಕದಲ್ಲಿ ನಿಂತು ಧರ್ಮದ ಬಗ್ಗೆ ಮಾತಾಡುತ್ತಿದ್ದ ಮುದಿ ಮಂತ್ರಿ, ಮಾತು ನಿಲ್ಲಿಸದೆ, ಒಂದು ಕೈ ಹಿಂದೆ ಚಾಚಿ ಕಂಬವನ್ನು ಹಿಡಿದುಕೊಂಡ. ಕಾಳಗ ಮುಗಿಯುವವರೆಗೂ ಬಿಡಲಿಲ್ಲ.

ಹೊರಗೆ ಬಂದ ಮೇಲೆ ಹೆದರುತ್ತಲೇ ಕೇಳಿದೆ, "ಹೆಂಗಿತ್ತು ಯಜಮಾನ್ರೆ?"

ಕಮ್ಮಾರರು ಮೆಟ್ಟು ಹಾಕಿಕೊಳ್ಳುತ್ತ ಅಂದರು: "ತಪ್ಪು ಹೇಳಬಾರದು. ಆ ರಾಜ್ಯದಾಗೆ ಕೆಲ್ಸ ಮಾಡೋನು ಅಂದ್ರೆ ಆ ಮಂತ್ರಿ ಒಬ್ಬನೇ ನೋಡಪ್ಪ."

ನಾಟಕದ ರಾಜರು

ಮೂರನೇ ದಿನಕ್ಕೆ ಅರ್ಧ ಬೆಂಚು ಖಾಲಿ. ಸಾಹುಕಾರರಿಗೆ ಒಂದು ಉಪಾಯ ಹೊಳೆಯಿತು. ನಮ್ಮೂರಲ್ಲಿ ನಾಟಕ ಕಂಪನಿಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ಮೂವತ್ತು ವರ್ಷ ರಾಜನ ಪಾರ್ಟು ಮಾಡಿದವರು. ಹಾಲಿನವನ ಹತ್ತಿರ ಮಾತಾಡಿದರೂ ದರ್ಬಾರಿನಲ್ಲಿ ಮಾತಾಡಿದಂತೆ ಇರುತ್ತಿತ್ತು. ಅವರನ್ನು ಕರೆದು ಸಿನಿಮಾ ತೋರಿಸಿ, ಎರಡು ಒಳ್ಳೆಯ ಮಾತು ಹೇಳಿಸಿ, ಹ್ಯಾಂಡ್‌ಬಿಲ್‌ನಲ್ಲಿ ಹಾಕುವುದು ಅಂತಾಯಿತು.

ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದೆವು. ಮೊದಲ ಕಾಳಗದವರೆಗೆ ಸುಮ್ಮನಿದ್ದರು. ಕಾಳಗ ಶುರುವಾದದ್ದೇ ಛತ್ರಿ ಹಿಡಿದು ಎದ್ದು ನಿಂತರು. "ಎಡಗಾಲು ಮುಂದಿಡು. ಎಡಗಾಲು ಅಂದ್ರೆ ಎಡಗಾಲು" ಅಂತ ಪರದೆಯ ಮೇಲಿನ ರಾಜನಿಗೆ ಗದರಿದರು. ಅವನು ಬಲಗಾಲನ್ನೇ ಇಟ್ಟ. ಹಿರಿಯರಿಗೆ ತಡೆಯಲಾಗಲಿಲ್ಲ. ಪರದೆಯ ಮುಂದೆ ಹೋಗಿ ಛತ್ರಿಯಿಂದಲೇ ತೋರಿಸತೊಡಗಿದರು. ಎಪ್ಪತ್ತರ ಹತ್ತಿರದ ವಯಸ್ಸು. ಆದರೆ ಆ ಸುತ್ತು, ಆ ಹಿಂದೆಗೆತ, ಮಂಡಿಯೂರಿ ಮೇಲಕ್ಕೆ ಬೀಸಿದ ಆ ಬೀಸು ನೋಡಿ ಜನ ಸಿನಿಮಾ ಮರೆತೇಬಿಟ್ಟರು. ಬೆಂಚಿನ ಮೇಲೆ ಹತ್ತಿ ನಿಂತು ಸಿಳ್ಳೆ ಹೊಡೆದರು. ಹಿಂದೆ ಸಿನಿಮಾದ ರಾಜ ಗೆದ್ದನೋ ಸೋತನೋ ಯಾರಿಗೂ ಗೊತ್ತಾಗಲಿಲ್ಲ.

ಮರುದಿನ ಜಟಕಾ ಹೋದಲ್ಲೆಲ್ಲ ಒಂದೇ ಪ್ರಶ್ನೆ: "ಛತ್ರಿ ರಾಜರು ಇವತ್ತು ಬರ್ತಾರೇನ್ರಿ?" ಸಾಹುಕಾರರು ನನ್ನನ್ನು ಅವರ ಮನೆಗೆ ಓಡಿಸಿದರು. ಹಿರಿಯರು ಜಗಲಿಯ ಮೇಲೆ ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು. ನನ್ನ ಮಾತು ಪೂರ್ತಿ ಕೇಳಿದರು.

"ಬರ್ತೇನಪ್ಪ. ನಿಮ್ಮ ಸಾಹುಕಾರರ ಮಾತು ತೆಗೆದುಹಾಕಾಕೆ ಆಗ್ತೈತಾ? ಆದ್ರೆ ನಾನು ಬಂದಾಗ ಹಿಂದೆ ಸಿನಿಮಾ ಬಿಡಬ್ಯಾಡ್ರಿ. ನನಗೆ ಅಡ್ಡ ಬರ್ತೈತೆ."

ಮದುವೆಯಾದ ಮೇಲೆ

ಐದು ದಿನಕ್ಕೆ ದಾವಣಗೆರೆ ಸಾಕಾಯಿತು. ಹರಿಹರದಲ್ಲಿ ನಮ್ಮ ಸಾಹುಕಾರರದೇ ಒಂದು ಟೆಂಟ್ ಟಾಕೀಸಿತ್ತು. ರೀಲಿನ ಡಬ್ಬಿಗಳನ್ನು ಬಸ್ಸಿನ ಮೇಲೆ ಹಾಕಿಕೊಂಡು ನಾನೇ ಹೊರಟೆ. ದಾರಿಯಲ್ಲಿ ಕುಲುಕಾಟಕ್ಕೆ ಡಬ್ಬಿಗೆ ಅಂಟಿಸಿದ್ದ ನಂಬರಿನ ಚೀಟಿಗಳು ಉದುರಿದವು. ಇಳಿದ ಮೇಲೆ ನನಗೆ ತೋಚಿದಂತೆ ಅಂಟಿಸಿದೆ.

ಟೆಂಟಿನ ಆಪರೇಟರ್ ಸಾಬರು ಅದೇ ಕ್ರಮದಲ್ಲಿ ಓಡಿಸಿದರು. ರಾಜನಿಗೂ ರಾಜಕುಮಾರಿಗೂ ವಿಜೃಂಭಣೆಯಿಂದ ಮದುವೆ ಆಯಿತು. ಆರತಿ ಎತ್ತಿದರು. ಅಲ್ಲಿಗೆ ರೀಲು ಬದಲಾಯಿತು. ಮುಂದಿನ ರೀಲಿನಲ್ಲಿ ತೋಟದಲ್ಲಿ ಹೂ ಕೊಯ್ಯುತ್ತಿದ್ದ ಅವಳನ್ನು ನೋಡಿ ರಾಜ ಗಂಭೀರವಾಗಿ ಕೇಳಿದ, "ಎಲೈ ಸುಂದರಿ, ನೀನು ಯಾರು?"

ಟೆಂಟಿನಲ್ಲಿ ಎದ್ದ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಮರುದಿನ ಸಾಬರೂ ನಾನೂ ಕೂತು ರೀಲುಗಳನ್ನು ಸರಿಯಾಗಿ ಜೋಡಿಸಿದೆವು. ಅರ್ಧ ಆಟಕ್ಕೇ ಜನ ಗಲಾಟೆ ಎಬ್ಬಿಸಿದರು. ಏನು ಅಂತ ಕೇಳಲು ಹೋದರೆ, ಹೆಂಡತಿಯನ್ನು ಕರೆದುಕೊಂಡು ಬಂದಿದ್ದ ಒಬ್ಬ ಶಾಲಾ ಮೇಷ್ಟರು ಎದ್ದರು.

"ನಿನ್ನೆ ಇದ್ದಂಗೇ ಹಾಕಿಸ್ರಿ. ಮದುವಿ ಆದ ಮ್ಯಾಲೆ ನೀನ್ಯಾರು ಅಂತ ಕೇಳ್ತಾನಲ್ಲ, ಇಡೀ ಸಿನಿಮಾದಾಗೆ ನಿಜವಾದ ಇತಿಹಾಸ ಅನ್ನೋದು ಅದೊಂದೇ."

ಗುತ್ತೂರಿನ ಸಿಪಾಯಿ

ಹರಿಹರದ ಬಸ್ ನಿಲ್ದಾಣದ ಹತ್ತಿರ ನಾನು ಕೂಗುತ್ತಿದ್ದಾಗ ಒಬ್ಬ ಹೆಂಗಸು ಜಟಕಾದ ಗಾಲಿ ಹಿಡಿದು ನಿಲ್ಲಿಸಿದಳು. ಗುತ್ತೂರಿನವಳು.

"ಇದರಾಗೆ ನನ್ನ ಮಗ ಅದಾನಂತೆ. ಸಿಪಾಯಿ ಆಗ್ಯಾನಂತೆ. ಕಾಗದ ಬಂದೈತೆ. ಯಾವ ಹೊತ್ತಿಗೆ ಬರ್ತಾನೆ?"

ಮಗ ಎರಡು ವರ್ಷದ ಹಿಂದೆ, ಸಿನಿಮಾ ಹುಚ್ಚಿಗೆ ಅಪ್ಪ ಬೈದನೆಂದು ಮದ್ರಾಸಿಗೆ ಓಡಿಹೋಗಿದ್ದ. ಅವತ್ತಿನಿಂದ ಅಪ್ಪ ಮಗನ ಹೆಸರು ಎತ್ತಿರಲಿಲ್ಲ. ಆ ಸಂಜೆ ಗಂಡ ಹೆಂಡತಿ ಇಬ್ಬರೂ ಗಾಡಿ ಕಟ್ಟಿಕೊಂಡು ಬಂದರು. "ನಾನು ಗಾಡಿ ಹೊಡೆಯಾಕೆ ಬಂದೀನಿ, ನೋಡಾಕೆ ಬಂದಿಲ್ಲ" ಅಂದ ಅಪ್ಪ ಟೆಂಟಿನೊಳಗೆ ಪರದೆಗೆ ಬೆನ್ನು ಹಾಕಿ ಕೂತ. ಅವನೊಬ್ಬ ನಮ್ಮೆಲ್ಲರ ಮುಖ ನೋಡುತ್ತಿದ್ದ.

ಮೊದಲ ಯುದ್ಧದಲ್ಲಿ ಅವ್ವ ಎದ್ದಳು. "ಅಗಾ, ಆ ಅಗಲ ಕಿವಿಯೋನು. ನನ್ನ ಮಗ." ಅಷ್ಟು ಹೇಳುವುದರೊಳಗೆ ರಾಜ ಅವನನ್ನು ತಿವಿದುಹಾಕಿದ. ಅವ್ವ ಅಳತೊಡಗಿದಳು. "ತಗಡಿನ ಕತ್ತಿ ಅವ್ವ, ಏನೂ ಆಗಿಲ್ಲ" ಅಂತ ನಾನು ಸಮಾಧಾನ ಮಾಡಿದೆ. ಅಪ್ಪ ಅಲ್ಲಾಡಲಿಲ್ಲ. ಆದರೆ ಕೈಯಲ್ಲಿದ್ದ ಬೀಡಿ ಆರಿಹೋಗಿದ್ದು ಅವನಿಗೆ ಗೊತ್ತಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಮಗ ಮತ್ತೆ ಬಂದ. ಈ ಸಲ ಇನ್ನೊಬ್ಬ ಶತ್ರುವಿನ ಸೈನ್ಯದಲ್ಲಿ, ಮೀಸೆ ಅಂಟಿಸಿಕೊಂಡು. ತೆಗೆದವರಿಗೆ ಸಿಪಾಯಿಗಳು ಸಾಲದೆ ಬಂದಿರಬೇಕು. "ಅವ್ವಾ, ನಿನ್ನ ಮಗ ಎದ್ದ ನೋಡು" ಅಂತ ಇಡೀ ಟೆಂಟು ಕೂಗಿತು. ಅವನು ಮತ್ತೆ ಸತ್ತ. ಅಷ್ಟರಲ್ಲಿ ಅಪ್ಪ ಅಡ್ಡಕ್ಕೆ ತಿರುಗಿ ಕೂತಿದ್ದ.

ಮೂರನೇ ಸಲ ಮಗ ಸೆರೆಮನೆಯ ಬಾಗಿಲಲ್ಲಿ ಒಬ್ಬನೇ ಕಾವಲು ನಿಂತಿದ್ದ. ಪರದೆಯ ತುಂಬ ಅವನ ಮುಖ. ಸೊರಗಿದ್ದ. ಆಗ ರಾಜ ಸೆರೆಯಿಂದ ತಪ್ಪಿಸಿಕೊಂಡು, ಕತ್ತಿ ಹಿಡಿದು ಹಿಂದಿನಿಂದ ಮೆಲ್ಲಗೆ ಬಂದ. ಅಪ್ಪ ಪೂರ್ತಿ ತಿರುಗಿ, ಎದ್ದು ನಿಂತು, ಟೆಂಟೇ ಹಾರಿಹೋಗುವಂತೆ ಕೂಗಿದ:

"ಲೇ, ಹಿಂದೆ ನೋಡೋ!"

ಮಗ ನೋಡಲಿಲ್ಲ. ಸತ್ತ. ಅಪ್ಪ ನಿಂತೇ ಇದ್ದ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಗಂಡನ ಅಂಗಿ ಜಗ್ಗಿದಳು. "ಕೂಡ್ರಿ ಇನ್ನ. ಎರಡು ವರ್ಷಕ್ಕೆ ಮಾತಾಡಿಸಿದ್ರಲ್ಲ, ಸಾಕು."

ಮರುದಿನ ಬೆಳಿಗ್ಗೆ ಅಪ್ಪ ಒಬ್ಬನೇ ಟೆಂಟಿನ ಹತ್ತಿರ ಬಂದ. ಜೇಬಿನಿಂದ ಒಂದು ಅಂಚೆ ಕಾರ್ಡು ತೆಗೆದು ನನ್ನ ಕೈಗಿಟ್ಟ. "ನೀನು ಓದಿದೋನು, ಬರಕೊಡು" ಅಂದ. ಬರೆದೆ: ನಿನ್ನ ಅಪ್ಪ ಬರೆಸಿದ್ದು. ನಾವು ಚೆನ್ನಾಗಿದ್ದೇವೆ. ಸೊರಗಿದ್ದೀಯ, ಹೊಟ್ಟೆ ತುಂಬ ಉಣ್ಣು. ಒಮ್ಮೆ ಮನೆಗೆ ಬಂದು ಹೋಗು.

"ಇಷ್ಟೇನಾ ಯಜಮಾನ್ರೆ?" ಅಂದೆ.

ಅಪ್ಪ ನನ್ನ ಹತ್ತಿರಕ್ಕೆ ಸರಿದು ಹೇಳಿದ:

"ಇನ್ನೊಂದು ಮಾತು ಹಾಕು. ಆ ರಾಜ ಹತ್ರ ಬಂದಾಗ ಹುಷಾರಾಗಿರು ಅಂತ ಬರಿ. ಅವನಿಗೆ ಕತ್ತಿ ಹಿಡಿಯಾಕೇ ಬರಂಗಿಲ್ಲ, ಅಪ್ಪಿತಪ್ಪಿ ನಿಜವಾಗ್ಲೂ ಚುಚ್ಚಿಬಿಟ್ಟಾನು."